ಮಾದೇವಣ್ಣ ಹಾಕಿದ ಫ್ಯೂಸ್

ಕಾರಿನ ವೈರನ್ನು ಮಾದೇವಣ್ಣ ಮೊದಲು ಮೂಸಿ ನೋಡುತ್ತಿದ್ದ. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಬಗ್ಗಿ ಒಂದು ಸಲ ಉಸಿರೆಳೆದುಕೊಂಡರೆ ಸಾಕು, ಯಾವ ಮೂಲೆಯಲ್ಲಿ ವೈರು ಬಿಸಿಯಾಗಿದೆ ಎಂದು ಹೇಳಿಬಿಡುತ್ತಿದ್ದ. ಕೊಳ್ಳೇಗಾಲದ ಅವನ ಅಂಗಡಿಯ ಗೋಡೆಗೆ ಒಂದು ಮೊಳೆ. ಅದರ ತುಂಬ ಸುಟ್ಟ ತಾಮ್ರದ ತಂತಿಗಳು. ಬೇರೆಯವರು ಫ್ಯೂಸಿನ ಬದಲು ಸಿಕ್ಕಿಸಿದ್ದನ್ನೆಲ್ಲ ಕಿತ್ತು ಅಲ್ಲಿ ನೇತುಹಾಕಿದ್ದ. "ಇವ್ನ ಆಕ್ದೋರು ಕೆಲಸಗಾರ್ರಲ್ಲ ಸಾ, ಕೊಲೆಗಾರ್ರು. ಫ್ಯೂಸಾದ್ರೆ ತಾನು ಸುಟ್ಟು ಗಾಡಿ ಉಳಿಸ್ತದೆ, ತಂತಿ ಗಾಡೀನೇ ಸುಡ್ತದೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ನನ್ನ ಅಪ್ಪ ಬಿಟ್ಟುಹೋದ ಹಳೇ ಕಾರನ್ನು ಅವನ ಹತ್ತಿರ ಒಯ್ದಾಗ ಅದರ ಹೆಡ್‌ಲೈಟು ತೀರಾ ಮಂಕು. ದೀಪದ ಕರೆಂಟೆಲ್ಲ ಹಳೇ ಸ್ವಿಚ್ಚಿನೊಳಗೇ ಹಾದು ಸೊರಗಿ ಬರುತ್ತಿತ್ತು. ಮಾದೇವಣ್ಣ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ರಿಲೇ ಕೂರಿಸಿ, ಎರಡು ದೀಪಕ್ಕೂ ಬೇರೆ ಬೇರೆ ಫ್ಯೂಸ್ ಹಾಕಿದ. "ಸ್ವಿಚ್ಚು ಮೇಸ್ತ್ರಿ ಇದ್ದಂಗೆ ಸಾ. ಯೋಳ್ಬೇಕು ಅಷ್ಟೆ, ಮೂಟೆ ಒರಬಾರ್ದು. ಒರಕ್ಕೆ ರಿಲೇ ಅದೆ" ಎಂದ. ಮೂರು ದಿನ ಅಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದೆ. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ ನನಗೆ ಅವನು ಗುರುವಾದ. ಸಿಕ್ಕಸಿಕ್ಕವರ ಮುಂದೆ ಅವನನ್ನು ಹೊಗಳಿದೆ.

ಆಮೇಲೆ ಎಡಗಡೆ ದೀಪದ ಫ್ಯೂಸ್ ಮತ್ತೆ ಮತ್ತೆ ಸುಡತೊಡಗಿತು. ಮೂರನೇ ಸಲ ಹೋದಾಗ, "ಇನ್ನು ಸುಡಕ್ಕಿಲ್ಲ, ಓಗಿ ಸಾ" ಎಂದ. ನಿಜಕ್ಕೂ ಸುಡಲಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಕೂರಿಸಿಕೊಂಡು ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟೆ. ಬೆಳಗಿನ ಮಂಜಿಗೆ ದೀಪ ಹಾಕಿದ್ದೆ. ತಿರುವಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ನಡೆಯಲಾರದ ಅಮ್ಮನನ್ನು ಎತ್ತಿ ರಸ್ತೆ ಬದಿಗೆ ಕೂರಿಸಿ, ಓಡಿ ಬಂದು ಬ್ಯಾಟರಿಯ ವೈರು ಕಿತ್ತೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹೊಗೆ ಇಳಿದ ಮೇಲೆ ಎಡಗಡೆಯ ಫ್ಯೂಸ್ ಡಬ್ಬಿ ತೆರೆದರೆ ಒಳಗೆ ಫ್ಯೂಸೇ ಇರಲಿಲ್ಲ. ಹೊಸೆದ ತಾಮ್ರದ ತಂತಿ ಇತ್ತು. ಆ ಕಾರಿಗೆ ಅವನ ಹೊರತು ಬೇರೆ ಯಾರೂ ಕೈ ಹಾಕಿರಲಿಲ್ಲ.

ಮಾರನೆಯ ದಿನ ಆ ತಂತಿಯನ್ನು ಅವನ ಮುಂದಿಟ್ಟೆ. "ಕಾರಲ್ಲಿ ನಮ್ಮಮ್ಮ ಇದ್ರು, ಮಾದೇವಣ್ಣ."

ಅವನು ಕೈ ಒರೆಸಿಕೊಂಡ. "ವೈರು ಎಲ್ಲಿ ತಗಡ್ಗೆ ಉಜ್ಜಿ ಶಾರ್ಟಾಯ್ತದೆ ಅಂತ ನಂಗೆ ಸಿಕ್ನಿಲ್ಲ ಸಾ. ಮೂರ್ ಸಲವೂ ಉಡುಕ್ದೆ. ನೀವು ನೋಡುದ್ರೆ ಊರ್ಗೆಲ್ಲ ನನ್ನ ಒಗಳ್ಕಂಡು ತಿರುಗ್ತಿದ್ರಿ. ಗೊತ್ತಾಯ್ತಿಲ್ಲ ಅಂತ ನಿಮ್ಗೆ ಎಂಗ್ ಯೋಳದು?"

ಆಗಲೇ ಹಾಗೆಂದಿದ್ದರೆ ನನಗೆ ಅವನ ಮೇಲಿನ ಗೌರವ ಕಡಿಮೆಯಾಗುತ್ತಿರಲಿಲ್ಲ. ಎದ್ದು ಬಂದೆ. ಮತ್ತೆ ಆ ಬೀದಿಗೆ ಹೋಗಿಲ್ಲ.

ಕಾರನ್ನು ಈಗ ಹನೂರಿನಲ್ಲಿ ತೋರಿಸುತ್ತೇನೆ. ಅಲ್ಲಿನ ಮೆಕ್ಯಾನಿಕ್ ಪಾಪ, ಒಳ್ಳೆಯವನು. ಅವನು ಬಾನೆಟ್ ಮುಚ್ಚುವ ಮೊದಲು, ಅವನ ಕಣ್ಣೆದುರೇ ಒಂದೊಂದು ಫ್ಯೂಸನ್ನೂ ಕಿತ್ತು ನೋಡುತ್ತೇನೆ. ಅವನ ಮುಖ ಸಣ್ಣದಾಗುತ್ತದೆ. ಆದರೂ ನೋಡುತ್ತೇನೆ.