ಹತ್ತಿ ಚೀಲದಲ್ಲಿ ಅವಿತವಳು

ಸಂಜೆ ನಾಲ್ಕೂಮುಕ್ಕಾಲಿಗೆ ನನ್ನ ತಂಗಿ ಪುಟ್ಟಿ ಕಾಣೆಯಾದಳು. ಶಿರಾ ತಾಲ್ಲೂಕಿನ ನಮ್ಮೂರಲ್ಲಿ ಮನೆಮನೆಗೂ ಇಂಟರ್‌ನೆಟ್ ಮೊಬೈಲು ಬಂದು, ಅದರಲ್ಲಿ ಕಂಡದ್ದನ್ನೆಲ್ಲ ನಿಜವೆಂದೇ ನಂಬುತ್ತಿದ್ದ ಕಾಲ ಅದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಆ ವಾರವೆಲ್ಲ ಕೈಯಿಂದ ಕೈಗೆ ಓಡಾಡುತ್ತಿತ್ತು.

ಅದೇ ಮೊಬೈಲಿನಲ್ಲಿ ಜಾಂಬಿ ಸಿನಿಮಾ ನೋಡಿ ನಾವು ಮಕ್ಕಳು ಹೊಸ ಆಟ ಕಟ್ಟಿದ್ದೆವು. ಸತ್ತು ಎದ್ದ ಜಾಂಬಿ ಮುಟ್ಟಿದರೆ ಮುಟ್ಟಿಸಿಕೊಂಡವನೂ ಜಾಂಬಿ. ಅವನಿಗೆ ಅಪ್ಪ, ಅಮ್ಮ, ಗೆಳೆಯ ಯಾರ ಗುರುತೂ ಸಿಗಬಾರದು. ಕಡಲೆಕಾಯಿ ಸುಗ್ಗಿ. ಬೇಯಿಸಿದ ಕಾಯಿ ಜೇಬಿಗೆ ತುಂಬಿಕೊಂಡು ಓಡುತ್ತಿದ್ದೆವು. ಉಪ್ಪುನೀರು ಚಡ್ಡಿಯಿಂದ ತೊಡೆಗೆ ಇಳಿಯುತ್ತಿತ್ತು.

ಅವತ್ತು ನಮ್ಮ ಜಗಲಿಯಲ್ಲಿ ಹಾಸಿಗೆ ತುಂಬುವ ಶಿರಾದ ಅನ್ವರ್ ಸಾಬರು ಅಜ್ಜಿಯ ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಎಕ್ಕಿ ಬಿಡಿಸುತ್ತಿದ್ದರು. ಅವರು ಕೈಕಾಲು ತೊಳೆಯಲು ಬೋರ್‌ವೆಲ್ ಕಡೆ ಹೋದಾಗ, ಜಾಂಬಿಗೆ ಹೆದರಿ ಪುಟ್ಟಿ ಅವರ ಹತ್ತಿ ಚೀಲದೊಳಗೆ ಅವಿತಳು. ಮೆತ್ತಗಿತ್ತು; ನಿದ್ದೆ ಹೋದಳು.

ಅಮ್ಮ ಕೂಗಿದಳು. ಬೀದಿಯೆಲ್ಲ ಹುಡುಕಿತು. ಸಾಬರು ಕೈಕಾಲು ತೊಳೆದು ಜಗಲಿಗೆ ಮರಳುವ ಹೊತ್ತಿಗೆ ಯಾರೋ ಅವರ ಚೀಲ ಎಳೆದರು, ಪುಟ್ಟಿಯ ಕಾಲು ಕಾಣಿಸಿತು.

“ಲೇ, ಮಗೀನ ಚೀಲ್ದಾಗೆ ತುಂಬ್ಕಂಡವ್ನೆ ಕಣ್ಲಾ! ಇಡ್ಕಳ್ರೋ!”

“ನಾನೇ ಅವಿತ್ಕಂಡಿದ್ದೆ,” ಎಂದಳು ಪುಟ್ಟಿ. ನಾನೂ ಕೂಗಿದೆ. ಕೇಳಿಸಿಕೊಳ್ಳುವವರು ಇರಲಿಲ್ಲ. ಅಂಗಡಿಯವನು, ಡೇರಿಯವನು, ನಮಗೆ ಕಾಯಿ ಬೇಯಿಸಿ ಕೊಟ್ಟಿದ್ದ ಚಿಕ್ಕಮ್ಮ, ಒಬ್ಬೊಬ್ಬರೂ ಬಂದು ಸೇರುತ್ತಿದ್ದಂತೆ ಎಲ್ಲರ ಮುಖವೂ ಒಂದೇ ಆಗುತ್ತಿತ್ತು. ಹೊಲದಿಂದ ಓಡಿಬಂದ ಅಪ್ಪನ ಕೈಯಲ್ಲಿ ಗುದ್ದಲಿಯ ಮರದ ಕಾವಿತ್ತು. ಮೊದಲ ಏಟು ಅಪ್ಪನದೇ, ಸಾಬರ ಬಲ ಭುಜಕ್ಕೆ. “ಅಪ್ಪಾ!” ಎಂದೆ. ನನ್ನ ಕಡೆ ನೋಡಿದ; ಗುರುತು ಹಿಡಿಯಲಿಲ್ಲ.

ಅಷ್ಟರಲ್ಲಿ ಅಜ್ಜಿ ನಡುವೆ ನುಗ್ಗಿ ಸಾಬರ ಮುಂದೆ ನಿಂತಳು.

“ಯಾಕ್ರಲಾ? ನನ್ ಹಾಸ್ಗೆ ಅರ್ಧಕ್ಕೆ ನಿಂತೈತೆ. ಇವ್ನ ಕೈ ಮುರುದ್ರೆ ಯಾರ್ ತುಂಬ್ತಾರೆ, ನಿಮ್ಮಪ್ಪ ಬತ್ತಾನಾ?”

“ಮಕ್ಕಳ ಕಳ್ಳ ಕಣಜ್ಜಿ ಇವ್ನು! ಪಕ್ಕಕ್ಕೆ ಬಾ,” ಎಂದ ಅಂಗಡಿಯವನು.

“ಕಳ್ಳ ಅಂತಾನೇ ಇಟ್ಕಳ್ಲಾ. ಹಾಸ್ಗೆ ಮುಗ್ಸ್ಲಿ, ಆಮೇಲೆ ನೀನೇ ಇಟ್ಕ.”

ಹಿಂದೆ ಯಾರೋ ನಕ್ಕುಬಿಟ್ಟರು. ಆ ನಗುವಿಗೆ ಎತ್ತಿದ ಕೈಗಳು ಒಂದು ಗಳಿಗೆ ತಡೆದವು. ಅಷ್ಟರಲ್ಲೇ ಅಜ್ಜಿ ಸಾಬರನ್ನು ಒಳಗೆ ಎಳೆದುಕೊಂಡು ಅಗುಳಿ ಹಾಕಿದಳು. ಪೊಲೀಸ್ ಜೀಪು ಬರುವವರೆಗೂ ತೆಗೆಯಲಿಲ್ಲ.

ಆಮೇಲೆ ನನಗೆ ಅಪ್ಪನ ಪಕ್ಕದಲ್ಲಿ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ನೋಟವೇ. ಅಪ್ಪನೂ ಮಲಗದೆ ಹೊರಗೆ ಬೀಡಿ ಸೇದುತ್ತ ಕೂರುತ್ತಿದ್ದ. ಸುಗ್ಗಿ ಮುಗಿದ ಮೇಲೆ ಒಂದು ದಿನ ಅಜ್ಜಿಯ ಹಾಸಿಗೆಯ ಉಳಿದಿದ್ದ ಹತ್ತಿಯನ್ನೆಲ್ಲ ಮೂಟೆ ಕಟ್ಟಿಕೊಂಡು ಶಿರಾ ಬಸ್ಸು ಹತ್ತಿದ. ಸಂಜೆ ತಲೆ, ಹುಬ್ಬಿಗೆಲ್ಲ ಹತ್ತಿ ಅಂಟಿಸಿಕೊಂಡು ಹಾಸಿಗೆ ಹೊತ್ತು ತಂದ.

“ಏನಂದ್ರಲಾ ಸಾಬ್ರು?” ಅಜ್ಜಿ ಕೇಳಿದಳು.

“ತೋಳು ಎತ್ತಕ್ಕಾಗಲ್ಲ ಕಣವ್ವ ಅವ್ರಿಗೆ. ಪಕ್ಕದಾಗೆ ಕುಂತು ಹೇಳ್ಕೊಟ್ರು. ಎಲ್ಲಾ ನನ್ ಕೈಲೇ ಎಕ್ಕಿಸಿದ್ರು.”

ಸಾಬರು ಮತ್ತೆ ನಮ್ಮೂರಿಗೆ ಬರಲಿಲ್ಲ. ಬಳೆಯವಳು, ಪಾತ್ರೆಯವನು ಕೂಡ ಬೈಪಾಸಿನಲ್ಲೇ ಮುಂದಕ್ಕೆ ಹೋಗುತ್ತಾರೆ. ಹೊರಗಿನವರು ಕಾಲಿಡದ ಊರಲ್ಲಿ ಮಕ್ಕಳು ಕ್ಷೇಮ ಎನ್ನುತ್ತಾರೆ. ಕಾಲೇಜು ಮುಗಿಸಿದ ನಾನು, ಜನ ಓಡುವ ಸದ್ದು ಕೇಳಿದರೆ ಈಗಲೂ ಮೊದಲು ಮನೆಯವರ ಮುಖ ಹುಡುಕುತ್ತೇನೆ.

ಅವತ್ತು ಅಪ್ಪ ತಂದ ಹಾಸಿಗೆ ಬರೀ ಗಂಟುಗಂಟು. ಅಜ್ಜಿ ಬೈದುಕೊಂಡೇ ಹಾಸಿದಳು. ಆ ರಾತ್ರಿ ನಾವೆಲ್ಲ, ಅಪ್ಪನೂ ಸೇರಿ, ಬೆಳಗಾಗುವವರೆಗೆ ಮಲಗಿದೆವು.