ಗೆಜ್ಜೆ ಟೀಚರ್ ಕಾಯುತ್ತಿದ್ದ ಎಂಟನೆಯ ದನಿ

ಗೆಜ್ಜೆ ಟೀಚರ್ ಅಸಲಿಗೆ ಟೀಚರೇ ಅಲ್ಲ, ನಮ್ಮ ಬೀದಿ ಕೊನೆಯ ಟೈಲರ್. ಆಕೆಗೆ ಕಣ್ಣು ಕಾಣದ ತಮ್ಮನೊಬ್ಬನಿದ್ದನಂತೆ. ಒಂದು ದಿನವೂ ಆಟಕ್ಕೆಂದು ಹೊಸಿಲು ದಾಟದೆ ಮೂವತ್ತಕ್ಕೇ ತೀರಿಕೊಂಡ. ಅವನು ಹೋದ ಮೇಲೆ ಈಕೆ ಒಂದು ಚೆಂಡು ಬಿಚ್ಚಿ, ಒಳಗೆ ಗೆಜ್ಜೆ ತುಂಬಿ, ಮತ್ತೆ ಹೊಲಿದಳು. ಮನೆಮನೆಯ ಬಾಗಿಲು ಬಡಿದು ಕಣ್ಣು ಕಾಣದ ಏಳು ಹುಡುಗ ಹುಡುಗಿಯರನ್ನು ಒಟ್ಟು ಮಾಡಿ, ಪ್ರತಿ ಶನಿವಾರ ಮೂರು ಗಂಟೆಗೆ ನಮ್ಮ ಸಮುದಾಯ ಭವನಕ್ಕೆ ಕರೆತಂದಳು. ಭವನದ ವಾಚ್‌ಮನ್ ನಾನು.

ಮೊದಲ ದಿನವೇ ಜಗಳ. ಕಿಟಕಿ ಮುಚ್ಚಿ, ಲೈಟ್ ಆರಿಸಿ ಎಂದಳು.

"ಏನಮ್ಮಾ, ಕತ್ತಲಲ್ಲಿ ಬಿದ್ದು ಹಲ್ಲು ಮುರ್ಕೊಂಡ್ರೆ ನನ್ನ ತಲೆಗೆ ಬರುತ್ತೆ!"

"ಬೀಳೋದು ನೀವೊಬ್ರೇ ಅಣ್ಣಾ. ಟ್ಯೂಬ್‌ಲೈಟು ಗುಂಯ್ ಅನ್ನುತ್ತೆ, ಗೆಜ್ಜೆ ಕೇಳಲ್ಲ."

ಏಳೂ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನು ಮುಖ ಊದಿಸಿಕೊಂಡು ಲೈಟ್ ಆರಿಸಿದೆ.

ಆಟಕ್ಕೆ ಮುಂಚೆ, ಯಾರು ಎಲ್ಲಿದ್ದಾರೆಂದು ತಿಳಿಯಲು, ಒಬ್ಬೊಬ್ಬರೂ ತಮ್ಮ ನಂಬರ್ ಕೂಗಬೇಕು. ಒಂದು, ಎರಡು, ಮೂರು... ಏಳು. ಆಮೇಲೆ ಟೀಚರ್ ಸುಮ್ಮನೆ ಕಾಯುತ್ತಿದ್ದಳು. ಯಾರೂ ಉಸಿರೆತ್ತುತ್ತಿರಲಿಲ್ಲ. ಆಗ ಯಾರೂ ಇಲ್ಲದ ಮೂಲೆಯಿಂದ, ತೀರ ಸಣ್ಣಗೆ, ಒಂದು ಹೆಣ್ಣುದನಿ: "ಎಂಟು."

ಅದಾದ ಮೇಲೆಯೇ ಅವಳು ಚೆಂಡು ಉರುಳಿಸುತ್ತಿದ್ದಳು.

ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಟಾರ್ಚ್ ಬಿಟ್ಟು ನೋಡಿದರೆ ಪೇರಿಸಿಟ್ಟ ಕುರ್ಚಿಗಳು, ಬರೀ ಗೋಡೆ, ಮೇಲೊಂದು ಗವಾಕ್ಷಿ. ಪ್ರತಿ ಶನಿವಾರವೂ ಇದೇ ಕಥೆ. ಟೀಚರನ್ನೇ ಕೇಳೋಣವೆಂದರೆ ನನ್ನ ಮೀಸೆಯ ಮರ್ಯಾದೆ ಏನಾಗಬೇಕು? ದೆವ್ವವಾದರೂ ಬರಲಿಕ್ಕೊಂದು ದಾರಿ ಬೇಕಲ್ಲ ಎಂದುಕೊಂಡು, ಒಂದು ಶುಕ್ರವಾರ ಆ ಗವಾಕ್ಷಿಗೆ ಗೋಣಿಚೀಲ ತುರುಕಿ, ಮೇಲೊಂದು ಹಲಗೆ ಬಡಿದೆ.

ಮಾರನೆಯ ದಿನ ಏಳರ ನಂತರ ಏನೂ ಬರಲಿಲ್ಲ. ಟೀಚರ್ ಕಾದಳು, ಕಾದೇ ಕಾದಳು, ಕೊನೆಗೆ ಹಾಗೆಯೇ ಚೆಂಡು ಉರುಳಿಸಿದಳು. ಹೀಗೆ ನಾಲ್ಕು ಶನಿವಾರ. ನಿಜ ಹೇಳುತ್ತೇನೆ, ಆ ದನಿಗಿಂತ ಈ ಮೌನಕ್ಕೇ ನಾನು ಹೆಚ್ಚು ಹೆದರಿದೆ. ನಾಲ್ಕನೆಯ ವಾರ ಆಟ ಮುಗಿದ ಮೇಲೆ ಅವಳು ಆ ಮೂಲೆಯಲ್ಲೇ ಕೂತು ಅತ್ತುಬಿಟ್ಟಳು.

"ಗೋಡೆ ಆಚೆ ಇಸ್ತ್ರಿಯವರ ಮನೇಲಿ ಕಣ್ಣು ಕಾಣದ ಹುಡುಗಿ ಇದಾಳೆ ಅಣ್ಣಾ. ಮೂರು ಸಲ ಹೋದೆ. ನಮ್ಮನೇಲಿ ಅಂಥೋರು ಯಾರೂ ಇಲ್ಲ ಅಂದ್ರು. ಆದ್ರೆ ಮೊದಲನೇ ವಾರಾನೇ ಎಂಟು ಅಂದ್ಲಲ್ಲ! ಆ ನಂಬರ್ ಅವಳಿಗೇ ಅಂತ ಇಟ್ಟಿದ್ದೆ. ಈಗ ದನೀನೂ ಇಲ್ಲ. ನನ್ನ ತಮ್ಮನ ಥರಾನೇ ಆಗೋದ್ಲೋ ಏನೋ..."

ನಾನು ತಲೆಯೆತ್ತಿ ನಾನೇ ಬಡಿದ ಹಲಗೆ ನೋಡಿದೆ. ಆ ಮನೆಗೆ ಆರು ವರ್ಷದಿಂದ ನನ್ನ ಅಂಗಿ ಇಸ್ತ್ರಿಗೆ ಕೊಡುತ್ತಿದ್ದೇನೆ. ಉದುರಿದ ಗುಂಡಿ ಕೂಡ ಕೇಳದೆಯೇ ಹೊಲಿದು ಬರುತ್ತಿತ್ತು. ಗಂಡ ಹೆಂಡತಿ ಬಿಟ್ಟರೆ ಅಲ್ಲಿ ಮೂರನೆಯ ನೆರಳನ್ನು ನಾನು ಕಂಡವನಲ್ಲ.

ನೆಟ್ಟಗೆ ಹೋಗಿ ಬಾಗಿಲು ಬಡಿದೆ. ಇಸ್ತ್ರಿಯಮ್ಮ ಬಾಯಿ ತೆರೆಯುವ ಮೊದಲೇ, "ಗವಾಕ್ಷಿ ಮುಚ್ಚಿದ ಪಾಪಿ ನಾನೇ ಕಣಮ್ಮಾ. ಆಟ ನಿಂತಿಲ್ಲ, ಅವಳಿಗೆ ಹೇಳಿ" ಎಂದೆ.

ಆಕೆ ಬಾಗಿಲು ಹಿಡಿದು ಹೊಸಿಲ ಮೇಲೆ ಕೂತಳು. "ತಿಂಗಳಿಂದ ಗೋಡೆಗೆ ಕಿವಿ ಹಚ್ಚಿ ಕೂತಿದಾಳೆ. ನನ್ನ ನಂಬರ್ ತೆಗೆದುಬಿಟ್ರಾ ಅಮ್ಮಾ ಅಂತ ಕೇಳ್ತಾಳೆ. ಬಿದ್ರೆ, ಜನ ನಕ್ರೆ ಅಂತ ನಾನೇ ಬಚ್ಚಿಟ್ಟೆ."

"ಅಲ್ಲಿ ನಗೋದು ಅವರು. ಬೀಳೋದು ನಾನೊಬ್ನೇ."

ಆಕೆ ಎದ್ದು ಮೆಲ್ಲಗೆ ಬಾಗಿಲು ಮುಚ್ಚಿಕೊಂಡಳು.

ಹಲಗೆ, ಗೋಣಿಚೀಲ ಎಲ್ಲ ಕಿತ್ತೆಸೆದೆ. ಮುಂದಿನ ಶನಿವಾರ ಲೈಟ್ ಆರಿಸಿ ಗೋಡೆಗೊರಗಿ ನಿಂತೆ. ಏಳು ಎಂದಾಯಿತು. ಟೀಚರ್ ಕಾದಳು. ಗವಾಕ್ಷಿಯಿಂದ ದನಿಯಿಲ್ಲ. ಎಲ್ಲೋ ಬಾಗಿಲು ಕಿರ್ರೆಂದಿತು. ಅಷ್ಟರಲ್ಲಿ ಯಾವುದೋ ತಣ್ಣನೆಯ ಬೆರಳು ನನ್ನ ತೋಳು ತಡವಿ, ಅಂಗಿಯ ಮೇಲೆ ಮೆಲ್ಲಗೆ ಹರಿದು, ಎರಡನೆಯ ಗುಂಡಿಯ ಮೇಲೆ ನಿಂತಿತು. ನನಗೆ ಜೀವ ಬಾಯಿಗೆ ಬಂತು.

"ಇದು ನಾನು ಹೊಲಿದಿದ್ದು" ಎಂದು ಕತ್ತಲು ಪಿಸುಗುಟ್ಟಿತು. ಆಮೇಲೆ, ನನ್ನ ಅಂಗಿ ಬಿಡದೆಯೇ, ಇಡೀ ಭವನಕ್ಕೆ ಕೇಳುವಂತೆ ಹುಡುಗಿ ಕೂಗಿದಳು: "ಎಂಟು!"