ಅತ್ತಿಗೆ ಸಾಕಿದ ಕರಿ ನಾಯಿ

ಹೊಂಗೆ ಎಣ್ಣೆಯ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ. ಕಳೆದ ವಾರ ದಾಳಿಂಬೆ ಗಿಡಗಳಿಗೆ ಹೊಡೆಯಲೆಂದು ಮಧುಗಿರಿಯಲ್ಲಿ ಒಂದು ಕ್ಯಾನ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮುಚ್ಚಳ ಸಡಿಲವಾಗಿತ್ತು. ದೊಡ್ಡೇರಿ ದಾಟುವಷ್ಟರಲ್ಲಿ ಪಂಚೆಯೆಲ್ಲ ಎಣ್ಣೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದಳು. ನನಗೆ ಮಾತ್ರ ಆ ಕಹಿ ವಾಸನೆಯೊಳಗೆ ಅತ್ತಿಗೆಯ ಮನೆಯ ಪಡಸಾಲೆ ಕಂಡಿತು. ಗೋಡೆಗೆ ಒರಗಿ ಕುಳಿತ ಅತ್ತಿಗೆ, ಅವರ ಮಡಿಲಲ್ಲಿ ತಲೆಯಿಟ್ಟು ಮಲಗಿದ ಆ ಕರಿ ನಾಯಿ, ಅದರ ಕೊರಳ ಹುಣ್ಣಿಗೆ ಅರಿಶಿನ ಕಲಸಿದ ಹೊಂಗೆ ಎಣ್ಣೆ ಸವರುತ್ತಿದ್ದ ಅವರ ಬೆರಳುಗಳು...

ಮನೆಗೆ ಬಂದು ಮತ್ತೆ ಮತ್ತೆ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಹೋಗದಿದ್ದುದೇ ಸರಿ ಎನ್ನಿಸಿ ಇದನ್ನು ಬರೆಯಲು ಕುಳಿತೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಅಷ್ಟು ಓದಿದ್ದೂ ಅತ್ತಿಗೆಯ ಕೈ ಅನ್ನ ತಿಂದು.

ಅಮ್ಮ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅತ್ತಿಗೆ ಹೊಸದಾಗಿ ಮದುವೆಯಾಗಿ ಬಂದಿದ್ದರು. ನನಗಿಂತ ಬಹಳ ದೊಡ್ಡವರೇನಲ್ಲ. ಆದರೂ ನಾನು ಶಾಲೆಗೆ ಹೊರಡುವ ಮೊದಲು ಬಿಸಿ ಮುದ್ದೆ ತಟ್ಟೆಯಲ್ಲಿರುತ್ತಿತ್ತು, ಅಂಗಿಯ ಗುಂಡಿ ಹೊಲಿದಿರುತ್ತಿತ್ತು. ಅವರು ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಖುಷಿಯಲ್ಲಿದ್ದರೆ ಮೈದುನ, ರೇಗಿದರೆ ಮೇಷ್ಟ್ರು. ಎಲ್ಲಕ್ಕೂ ಪಾಠ ಹೇಳುವ ಚಟ ನನಗೆ ಆಗಲೇ ಇತ್ತು.

ಅಣ್ಣ ತೀರಿಕೊಂಡ ಮೇಲೆ ಊರೊಳಗಿನ ನಮ್ಮ ಮನೆಗೆ ಬಂದುಬಿಡಿ ಎಂದು ಕರೆದೆವು. ಬರಲಿಲ್ಲ. ಗುಡ್ಡದ ಬುಡದ ಹೊಲದಲ್ಲಿ ಅಣ್ಣ ಕಟ್ಟಿದ ಸಣ್ಣ ಮನೆಯಲ್ಲೇ ಉಳಿದರು. ನನ್ನ ತೋಟಕ್ಕೂ ಅವರ ಹೊಲಕ್ಕೂ ನಡುವೆ ಒಂದು ಕಳ್ಳಿ ಬೇಲಿ. ಕಡಲೆಕಾಯಿ ಬಲಿಯುವ ಕಾಲಕ್ಕೆ ಗುಡ್ಡದಿಂದ ಕರಡಿ ಇಳಿಯುತ್ತದೆ, ಚಿರತೆಯೂ ಆಗಾಗ ಸುಳಿಯುತ್ತದೆ, ಒಬ್ಬರೇ ಹೇಗಿರುತ್ತೀರಿ ಎಂದು ಕೇಳಿದರೆ, "ನಾನೇನು ಕಡ್ಲೆಕಾಯೇನಪ್ಪ, ಕರಡಿ ಬಂದು ಕಿತ್ಕೊಂಡ್ ತಿನ್ನಾಕೆ?" ಎಂದು ನಕ್ಕುಬಿಡುತ್ತಿದ್ದರು.

ಆ ವರ್ಷಗಳಲ್ಲಿ ನಾನು ನಾಯಿಗಳ ವಿಷಯದಲ್ಲಿ ಹೆಸರು ಮಾಡಿದ್ದೆ. ದಾಳಿಂಬೆ ಕಳ್ಳರ ಕಾಟಕ್ಕೆಂದು ದೂರದಿಂದ ಮುಧೋಳದ ಮರಿಯೊಂದನ್ನು ತಂದು ಸಾಕಿದ್ದೆ. ಬಾಣ ಎಂದು ಹೆಸರಿಟ್ಟಿದ್ದೆ. ಸಪೂರ ಸೊಂಟ, ಉದ್ದ ಮೂತಿ, ನಿಂತರೆ ಚಿತ್ರ ಬರೆದ ಹಾಗೆ. ಅದನ್ನು ನೋಡಲು ಬಂದವರಿಗೆಲ್ಲ ಫೋನಿನಲ್ಲಿ ನೋಡಿ ಕಲಿತದ್ದನ್ನು ನನ್ನ ಅನುಭವವೆಂಬಂತೆ ಹೇಳುತ್ತಿದ್ದೆ. ಅಲ್ಸೇಷನ್‌ಗೆ ಬುದ್ಧಿಯಿದೆ, ಆದರೆ ಒಬ್ಬನೇ ಯಜಮಾನ ಬೇಕು. ಡಾಬರ್‌ಮನ್ ಪುಕ್ಕಲು, ಅದಕ್ಕೇ ಮೊದಲು ಕಚ್ಚುತ್ತದೆ. ರಾಟ್‌ವೀಲರ್ ಸುಮ್ಮನೆ ಬಿದ್ದಿರುತ್ತದೆ, ಒಂದು ದಿನ ಅನ್ನ ಹಾಕಿದ ಕೈಯನ್ನೇ ಹಿಡಿಯುತ್ತದೆ. ನಮ್ಮ ಮುಧೋಳ ಮಾತ್ರ ರಾಜರ ನಾಯಿ, ಸುಮ್ಮಸುಮ್ಮನೆ ಯಾರ ಮೇಲೂ ಹೋಗುವುದಿಲ್ಲ. ಕೋಳಿ ಫಾರಂನವರು, ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಪಾರ್ಕಿನ ಕಾವಲಿನವರು ಎಲ್ಲರೂ ಯಾವ ತಳಿ ಸಾಕಬೇಕೆಂದು ನನ್ನನ್ನು ಕೇಳುವವರೇ. ಬೇಟೆ ನಾಯಿಗೆ ಓಡುವ ಪ್ರಾಣಿ ಕಂಡರೆ ಲೋಕವೇ ಮರೆತುಹೋಗುತ್ತದೆ ಎಂಬ ಒಂದು ಮಾತನ್ನು ಮಾತ್ರ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಅತ್ತಿಗೆಯ ಕರಿ ನಾಯಿ ಬಂದದ್ದು ಗುಡ್ಡದ ಆಚೆಯ ಜಲ್ಲಿ ಕ್ರಷರಿನಿಂದ. ಕ್ರಷರ್ ನಿಂತುಹೋಗಿ, ಮಾಲೀಕರು ಶೆಡ್ಡಿಗೆ ಬೀಗ ಹಾಕಿ ಹೊರಟಾಗ ಕಾವಲಿಗಿದ್ದ ರಾಟ್‌ವೀಲರನ್ನು ಸರಪಳಿಯಲ್ಲೇ ಬಿಟ್ಟುಹೋಗಿದ್ದರು. ಅದರ ಬೊಗಳು ಕ್ಷೀಣವಾಗುತ್ತಾ ಬಂದದ್ದನ್ನು ಊರೆಲ್ಲ ಕೇಳಿತ್ತು. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಹೋಗಬೇಡಿ ಎಂದು ಹೇಳಿದವನೂ ನಾನೇ. ಅತ್ತಿಗೆ ಒಂದು ಚೊಂಬು ರಾಗಿ ಅಂಬಲಿ ಹಿಡಿದುಕೊಂಡು ಹೋದರು. ಸಂಜೆ ನೋಡಿದರೆ ಆ ಕೋಣದಂಥ ನಾಯಿ ಅವರ ಹಿಂದೆ ಕರುವಿನ ಹಾಗೆ ನಡೆದುಬರುತ್ತಿತ್ತು. ಸರಪಳಿ ಕೊರೆದು ಕೊರಳೆಲ್ಲ ಹುಣ್ಣಾಗಿತ್ತು.

ಅದರ ಜಾತಿಯೇ ಸರಿಯಿಲ್ಲ, ಟಿವಿಯಲ್ಲಿ ನೋಡಿಲ್ಲವೇ ಎಂದು ನಾನು ಬೇಲಿಯ ಈಚೆ ನಿಂತು ಪಾಠ ಶುರು ಮಾಡಿದೆ. ಅತ್ತಿಗೆ ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಜಾತಿ ನೋಡಿ ಗುಣ ಹೇಳೋದು ಈ ಊರಿಗೆ ಹೊಸದಲ್ಲ ಬುಡು ಮೇಷ್ಟ್ರೇ. ನಾಯಿಗೂ ತಂದ್ರಾ ಅದನ್ನ?" ಎಂದರು.

ಗುಂಡ ಎಂದು ಕರೆದರು ಅದನ್ನು. ಅದು ಬಂದ ಮೇಲೆ ಅವರ ಹೊಲಕ್ಕೆ ಕರಡಿ ಇಳಿಯಲಿಲ್ಲ. ಅತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದ್ದರು. ಹಾಗೆಂದು ಅವರೇ ನನಗೆ ಹೇಳಿದ್ದರು. ಅಣ್ಣ ಹೋದಂದಿನಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲವೆಂಬುದು ನನಗೆ ಗೊತ್ತಾದದ್ದೂ ಆಗಲೇ...

ಕಡಲೆಕಾಯಿ ಕಿತ್ತಾದ ಮೇಲೆ ಪ್ರತಿ ವರ್ಷ ಪಾವಗಡದಾಚೆ, ನಾಗಲಮಡಿಕೆ ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದರೆ ನೆಲಕ್ಕೆ ಗೊಬ್ಬರ. ಹೊಲದವರು ಅದಕ್ಕೆ ರಾಗಿ ಕೊಡುತ್ತಿದ್ದರು. ಮಂದೆ ಊರಲ್ಲಿರುವಷ್ಟು ದಿನ ಪ್ರತಿ ನಾಯಿಯ ಕೊರಳಿಗೂ ಕೊರಡು ಕಟ್ಟಬೇಕೆಂಬುದು ಹಿಂದಿನಿಂದ ಬಂದ ಕಟ್ಟುಪಾಡು. ಮೊಳದುದ್ದದ ಮರದ ತುಂಡು ಅದು, ಮುಂಗಾಲುಗಳ ನಡುವೆ ತೂಗುತ್ತದೆ. ನಡೆಯಲು ಅಡ್ಡಿಯಿಲ್ಲ. ಓಡಿದರೆ ಕಾಲಿಗೆ ಬಡಿದು ಮುಗ್ಗರಿಸುತ್ತದೆ. ಕುರಿಮರಿಯ ರುಚಿ ಕಂಡ ನಾಯಿಯನ್ನು ಉಳಿಸಬಾರದು ಎಂಬುದೂ ಅದೇ ಕಟ್ಟುಪಾಡಿಗೆ ಸೇರಿದ್ದು.

ಆ ವರ್ಷವೂ ಎಲ್ಲರಂತೆ ನಾನೂ ಬಾಣನಿಗೆ ಕೊರಡು ಕಟ್ಟಿದ್ದೆ. ಮಾರನೆಯ ದಿನ ಶಿರಾದಿಂದ ಯಾರೋ ದೊಡ್ಡವರು ಅದನ್ನು ನೋಡಲು ಬರುವವರಿದ್ದರು. ಎದೆಯ ಮೇಲೆ ಮರ ತೀಡಿದ ಗುರುತು ಕಾಣಬಾರದು ಎಂದುಕೊಂಡು ಸಂಜೆ ಬಿಚ್ಚಿಬಿಟ್ಟೆ. ಕೊರಡು ಬೀದಿ ನಾಯಿಗಳಿಗೆ, ರಾಜರ ನಾಯಿಗಲ್ಲ ಎಂಬ ಸೊಕ್ಕೂ ಇತ್ತು.

ಬೆಳಕು ಹರಿಯುವ ಹೊತ್ತಿಗೆ ಪಂಪ್ ಹಾಕಲು ತೋಟಕ್ಕೆ ಹೋದರೆ ಬಾಣ ತೊಟ್ಟಿಯ ಬಳಿ ನಾಲಿಗೆ ಚಾಚಿ ಮಲಗಿತ್ತು. ಬಿಳಿ ಎದೆಯ ಮೇಲೆ ನೆತ್ತರು ಒಣಗಿತ್ತು. ಹಲ್ಲಿನ ಸಂದಿಯಲ್ಲಿ ಉಣ್ಣೆ. ಏನಾಗಿದೆ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ತೊಟ್ಟಿಯ ನೀರಿನಲ್ಲಿ ಅದನ್ನು ತೊಳೆದೆ, ಉಣ್ಣೆ ಕಿತ್ತು ಮಣ್ಣಿಗೆ ತುಳಿದೆ, ಕೊರಡನ್ನು ಮತ್ತೆ ಕೊರಳಿಗೆ ಕಟ್ಟಿದೆ. ಎಷ್ಟು ಸಲೀಸಾಗಿ ಮಾಡಿದೆ ಎಂಬುದನ್ನು ಈಗ ನೆನೆದರೆ ಭಯವಾಗುತ್ತದೆ.

ಆಮೇಲೆ ಬೇಲಿ ದಾಟಿ ಅತ್ತಿಗೆಯ ಮನೆಗೆ ಹೋದೆ. ಅವರ ನಾಯಿ ಹೊರಗೆ ಅಲೆಯುತ್ತಿರಲಿ ಎಂಬುದೇ ನನ್ನ ಆಸೆಯಾಗಿತ್ತು. ಬಾಗಿಲು ತಟ್ಟಿದೆ. ಒಳಗಿನಿಂದ ಮರದ ಅಗುಳಿ ಸರಿಸುವ ಸದ್ದು ಕೇಳಿಸಿತು. ಅತ್ತಿಗೆ ಬಾಗಿಲು ತೆರೆದರು. ಅವರ ಹಿಂದೆ ಗುಂಡ ಆಕಳಿಸುತ್ತಾ ಎದ್ದು ನಿಂತಿತು. ಕೊರಳಲ್ಲಿ ಅರಿಶಿನದ ಪಟ್ಟು ಒಡೆಯದೆ ಒಣಗಿತ್ತು. ಮೈಮೇಲೆ ಒಂದು ಹನಿ ನೆತ್ತರಿರಲಿಲ್ಲ. ಕೊರಡು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹುಣ್ಣು ಉರಿಯುತ್ತದೆಂದು ಸಂಜೆ ಬಿಚ್ಚಿದ್ದಾಗಿಯೂ, ಬಿಚ್ಚಿದ ಮೇಲೆ ಹೊರಗೆ ಬಿಡಬಾರದೆಂದು ಒಳಗೇ ಮಲಗಿಸಿಕೊಂಡು ಅಗುಳಿ ಹಾಕಿದ್ದಾಗಿಯೂ ಕೇಳದೆಯೇ ಹೇಳಿದರು. ಬೆಂಕಿಪೊಟ್ಟಣ ಬೇಕಿತ್ತು ಎಂದೆ. ಕೊಟ್ಟರು. ಕಾಫಿಯನ್ನೂ ಕೊಟ್ಟರು. ಕುಡಿದೆ.

ಬಿಸಿಲೇರುವಷ್ಟರಲ್ಲಿ ಊರೇ ಮಂದೆಯ ಹೊಲದಲ್ಲಿ ಸೇರಿತ್ತು. ಮರಿಗಳನ್ನು ಕೂಡಿಹಾಕಿದ್ದ ಒಡ್ಡಿಗೆ ನುಗ್ಗಿದ ನಾಯಿ ಹಲವು ಮರಿಗಳನ್ನು ಕೊಂದಿತ್ತು. ತಿಂದಿರಲಿಲ್ಲ, ಅಟ್ಟಾಡಿಸಿ ಕೊಂದು ಎಸೆದಿತ್ತು. ಕುರಿಯವರ ನಾಯಿಗಳು ಗುಡ್ಡದ ಕಡೆ, ಚಿರತೆ ಬರುವ ದಿಕ್ಕಿಗೆ ಕಾವಲಿದ್ದವು. ಊರ ಕಡೆಯಿಂದ ಬರುವುದನ್ನು ಅವರು ಎಣಿಸಿರಲಿಲ್ಲ.

ಮಂದೆಯ ಯಜಮಾನ ಸತ್ತ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕುಳಿತಿದ್ದ. ನಮ್ಮೂರಿನವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅತ್ತಿಗೆಯ ನಾಯಿಯ ಕೊರಳಲ್ಲಿ ಕೊರಡಿಲ್ಲ, ಮೇಲಾಗಿ ಅದು ಅಂಥ ಜಾತಿಯದು. ಯಜಮಾನ ಮಾತ್ರ ನನ್ನ ನಾಯಿಯನ್ನೂ ತರಿಸಿ ನೋಡಿದ. ಕೊರಡು ಹೊತ್ತು ತಲೆ ತಗ್ಗಿಸಿ ಬಂದ ಬಾಣನನ್ನು ನೋಡಿ ಯಾರೋ, "ಅದೆಂಗ್ಲಾ ಓಡ್ತದೆ, ಮರ ಕಟ್ಕಂಡು?" ಎಂದರು. ಉಳಿದವರು ನಕ್ಕರು.

ಯಜಮಾನ ನಗಲಿಲ್ಲ. "ನಾಯಿ ವಿಸ್ಯ ತಿಳ್ದೋರು ನೀವಂತಲ್ಲ ಸಾಮಿ. ಯಾವ ಕುಕ್ಕ ಅಂತ ನೀವೇ ಹೇಳ್ರಿ, ಸಾಕು," ಎಂದ, ತೆಲುಗು ಬೆರೆತ ಕನ್ನಡದಲ್ಲಿ.

ನಾನು ಸತ್ತ ಮರಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ. ಗಾಯವನ್ನು ಬೆರಳಿನಿಂದ ಅಗಲಿಸಿ ನೋಡಿದೆ. ಅಗಲ ದವಡೆಯ ಕಚ್ಚು ಇದು, ಹಿಡಿದರೆ ಬಿಡದ ತಳಿ, ಮುಧೋಳದ್ದಾಗಿದ್ದರೆ ಗುರುತು ಸಣ್ಣಗಿರುತ್ತಿತ್ತು ಎಂದೆಲ್ಲ ವಿವರಿಸಿದೆ. ಒಂದಾದರೂ ನಿಜವಲ್ಲ. ಎಲ್ಲರೂ ತಲೆದೂಗಿದರು.

ಅತ್ತಿಗೆ ಅಲ್ಲಿಯವರೆಗೆ ಜಗಳಕ್ಕೆ ನಿಂತಿದ್ದರು. ನಾಯಿ ತಮ್ಮ ಕಾಲಬುಡದಲ್ಲೇ ಮಲಗಿತ್ತು, ಅಗುಳಿ ಹಾಕಿತ್ತು ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ನನ್ನ ವಿವರಣೆ ಕೇಳಿದ ಮೇಲೆ ಜಗಳ ಬಿಟ್ಟು ನನ್ನ ಹತ್ತಿರ ಬಂದರು. ದನಿ ತೀರಾ ಮೆತ್ತಗಿತ್ತು.

"ನೀನು ಹೇಳಪ್ಪ ಮೈದುನ. ಇವ್ರ ಮಾತು ಬುಡು. ನೀನು ನನ್ ಗುಂಡಂದೇ ಅಂದ್ರೆ ನಾನು ಒಪ್ಕೊಂತೀನಿ."

ಮೇಷ್ಟ್ರು ಎನ್ನಲಿಲ್ಲ. ಮೈದುನ ಎಂದರು.

"ಅದೇ, ಅತ್ತಿಗೆ," ಎಂದೆ.

ಒಪ್ಪಿಕೊಂಡರು. ಅದೇ ನನಗೆ ತಡೆಯಲಾಗದ್ದು. ಅತ್ತು ಶಾಪ ಹಾಕಿದ್ದರೆ ಹೇಗೋ ಬದುಕಿಬಿಡುತ್ತಿದ್ದೆ. ಅವರು ತಮ್ಮ ಕಣ್ಣು ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದರು.

ಊರವರು ದನಗಳಿಗೆ ಸೂಜಿ ಹಾಕುವವನೊಬ್ಬನನ್ನು ಕರೆಸಿದರು. ಅವನು ನಾಯಿಯ ಹತ್ತಿರ ಬರಲು ಹೆದರಿದ. ಅತ್ತಿಗೆಯೇ ಪಡಸಾಲೆಯಲ್ಲಿ ಕುಳಿತು ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಅವನು ಔಷಧಿ ತುಂಬಿಸಿಕೊಳ್ಳುತ್ತಿದ್ದಾಗ ಎಣ್ಣೆಯ ಬಟ್ಟಲಿಗೆ ಕೈ ಅದ್ದಿ ಕೊರಳ ಹುಣ್ಣಿಗೆ ಸವರತೊಡಗಿದರು. ಇನ್ನೇಕೆ ಎಂದು ಯಾರೋ ಕೇಳಿದ್ದಕ್ಕೆ, "ಈಗ ಉರೀತಿರ್ತದಲ್ಲ," ಎಂದರು. ಅವರ ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಅದನ್ನು ಹೂತೆವು. ಆ ಎಣ್ಣೆಯೂ ಅದೇ ಮರದ ಬೀಜದ್ದು. ಗುಂಡಿ ತೋಡಲು ನಾನೂ ಕೈಜೋಡಿಸಿದೆ.

ಮಾರನೆಯ ದಿನ ಅತ್ತಿಗೆ ತಮ್ಮ ಮನೆಯ ರಾಗಿ ಹೊತ್ತುಕೊಂಡು ಹೋಗಿ ಕುರಿಯವರ ಮುಂದೆ ಇಟ್ಟು, ನನ್ನ ನಾಯಿ ತಪ್ಪು ಮಾಡಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈ ಮುಗಿದು ಬಂದರಂತೆ.

ಆಮೇಲೆ ಅವರು ಮೊದಲಿನಂತಾಗಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಹೊಲದಿಂದ ಅರ್ಧ ದಾರಿ ವಾಪಸು ಹೋಗುತ್ತಿದ್ದರು. ಸಂಜೆ ಅಗುಳಿ ಹಾಕಿ, ತೆಗೆದು, ಮತ್ತೆ ಹಾಕುವ ಸದ್ದು ಬೇಲಿಯ ಈಚೆ ನನಗೆ ಕೇಳಿಸುತ್ತಿತ್ತು. ಮತ್ತೊಂದು ನಾಯಿ ಸಾಕಲಿಲ್ಲ. ಕರಡಿ ಮತ್ತೆ ಇಳಿಯಿತು. ಕೊನೆಗೆ ಹೊಲವನ್ನು ಹಾಗೇ ಬಿಟ್ಟು ಕೊರಟಗೆರೆಯ ತಂಗಿಯ ಮನೆಗೆ ಹೊರಟುಹೋದರು. ನಾನು? ನಾನು ಹೋದಲ್ಲೆಲ್ಲ ಆ ಕತೆಯನ್ನೇ ಉದಾಹರಣೆ ಕೊಡುತ್ತಿದ್ದೆ. ನೋಡಿ, ಮೊದಲೇ ಹೇಳಿದ್ದೆ, ಆ ತಳಿಯ ಗುಣವೇ ಅಷ್ಟು ಎಂದು. ಬಾಣನನ್ನು ಮಾತ್ರ ಅಂದಿನಿಂದ ಸರಪಳಿ ಬಿಚ್ಚದೆ ಇಟ್ಟೆ. ಕಟ್ಟಿದಲ್ಲೇ ಮುದಿಯಾಗಿ ಸತ್ತಿತು. ಎಷ್ಟು ಗಂಭೀರ ನಾಯಿ ಎಂದು ಬಂದವರು ಕೊನೆಯವರೆಗೂ ಹೊಗಳಿದರು.

ಅತ್ತಿಗೆಗೆ ಕಾಯಿಲೆ ಎಂದು ತಿಳಿದು ಕೊರಟಗೆರೆಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಮಂಚದ ಮೇಲೆ ಗುಬ್ಬಿಯಂತಾಗಿದ್ದರು. ನನ್ನನ್ನು ನೋಡಿ ಕಣ್ಣರಳಿತು. ದಾಳಿಂಬೆ ಹೇಗಿದೆ, ಮೊಮ್ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸಿದರು. ತಂಗಿ ಕಾಫಿ ಮಾಡಲು ಒಳಗೆ ಹೋದಾಗ ನನ್ನ ಕೈ ಹಿಡಿದುಕೊಂಡು ಕೇಳಿದರು.

"ಅವತ್ತು ಬೆಳಿಗ್ಗೆ ನೀನು ಬೆಂಕಿಪೊಟ್ಣಕ್ಕೆ ಬಂದಿದ್ಯಲ್ಲ... ಆಗ ಅಗುಳಿ ಹಾಕಿತ್ತಾ ಮೈದುನ? ನಾನು ಹಾಕಿದ್ದೆ ಅಂತ್ಲೇ ನನ್ ಗ್ಯಾನ. ಆದ್ರೆ ಗ್ಯಾನ ನಂಬಂಗಿಲ್ಲ ನೋಡು."

ಬಾಯಿ ತೆರೆದೆ. ತಂಗಿ ಕಾಫಿ ಲೋಟ ಹಿಡಿದು ಬಂದರು. ನೆನಪಿಲ್ಲ ಅತ್ತಿಗೆ, ಬಹಳ ದಿನವಾಯಿತಲ್ಲ ಎಂದುಬಿಟ್ಟೆ. ಅವರು ಹೂಂ ಎಂದು ಗೋಡೆಯ ಕಡೆ ತಿರುಗಿಕೊಂಡರು. ಅಲ್ಲಿಯೂ ಕಾಫಿ ಕುಡಿದೇ ಬಂದೆ. ಆ ತಿಂಗಳು ಕಳೆಯುವಷ್ಟರಲ್ಲಿ ಅವರು ಹೋದ ಸುದ್ದಿ ಬಂತು.

ಈಗಲೂ ಯಾರಾದರೂ ಫೋನ್ ಮಾಡಿ ಯಾವ ತಳಿ ನಂಬಬಹುದು ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ವಯಸ್ಸಾಯಿತು, ಮರೆವು ಎಂದುಕೊಳ್ಳುತ್ತಾರೆ.

ಇದನ್ನು ಮುಗಿಸುತ್ತಿರುವುದು ತೋಟದಲ್ಲಿ ಕುಳಿತು. ಎಣ್ಣೆಯಾದ ಪಂಚೆಯನ್ನು ಮನೆಯವರು ಒಗೆದು ಇಲ್ಲಿನ ಬೇಲಿಯ ಮೇಲೆ ಹರವಿದ್ದಾರೆ. ಬೇಲಿಯಾಚೆ ಅತ್ತಿಗೆಯ ಮನೆಯ ಮಾಡು ಕುಸಿದಿದೆ. ಬಾಗಿಲನ್ನು ಯಾರೋ ಕಿತ್ತುಕೊಂಡು ಹೋದರು, ಚೌಕಟ್ಟು ಮಾತ್ರ ನಿಂತಿದೆ. ಗೋಡೆಯಲ್ಲಿ ಅಗುಳಿ ಕೂರುತ್ತಿದ್ದ ತೂತು ಇಲ್ಲಿಗೂ ಕಾಣುತ್ತದೆ. ಇದನ್ನು ಬರೆಯಲು ಕುಳಿತದ್ದು ಒಂದು ಮಾತಿಗಾಗಿ. ಅದನ್ನು ಕೇಳಬೇಕಾದವರು ಇಲ್ಲ...

ಹಾಕಿತ್ತು, ಅತ್ತಿಗೆ. ಅಗುಳಿ ಹಾಕಿತ್ತು. ನೀವು ತೆಗೆದ ಸದ್ದನ್ನು ನಾನು ಹೊರಗೆ ನಿಂತು ಕೇಳಿದೆ.